ಮೊದಲ ಮಾತು ಯಾರದು?

"ಯಾವ ಭಾಷೆ ಹಳೆಯದು?" ಅನ್ನೋ ಜಗಳ ನಮ್ಮಲ್ಲಿ ಆಗಾಗ ಜಾತ್ರೆ ಥರ ಬಂದು ಹೋಗುತ್ತೆ. 2025ರ ಮೇ ತಿಂಗಳಲ್ಲಿ ಚೆನ್ನೈಯ ಒಂದು ಸಿನಿಮಾ ಸಮಾರಂಭದಲ್ಲಿ ಕಮಲ್ ಹಾಸನ್, ಕನ್ನಡ ಹುಟ್ಟಿದ್ದು ತಮಿಳಿನಿಂದ ಅಂದುಬಿಟ್ಟರು. ಇಲ್ಲಿ ಪ್ರತಿಭಟನೆ ಆಯ್ತು. ಜೂನ್‌ನಲ್ಲಿ ಆ ಸಿನಿಮಾ ಬೇರೆ ಕಡೆ ಬಿಡುಗಡೆಯಾದಾಗ ಕರ್ನಾಟಕದಲ್ಲಿ ಆಗಲಿಲ್ಲ. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟು ತನಕ ಹೋಯ್ತು. ಆ ದಿನಗಳಲ್ಲಿ ನನ್ನ ಮೊಬೈಲಿಗೆ ಬಂದ ಫಾರ್ವರ್ಡ್‌ಗಳಿಗೆ ಲೆಕ್ಕವೇ ಇಲ್ಲ. ಕನ್ನಡವೇ ಜಗತ್ತಿನ ಮೊದಲ ಭಾಷೆ ಅಂತ ಒಬ್ಬರು, ಅಲ್ಲ ತಮಿಳು ಅಂತ ಇನ್ನೊಬ್ಬರು, ಇಬ್ಬರೂ ಸುಮ್ನಿರಿ ಎಲ್ಲಕ್ಕೂ ತಾಯಿ ಸಂಸ್ಕೃತ ಅಂತ ಮತ್ತೊಬ್ಬರು :-)

ಈ ಮೂವರೂ ಕೇಳದೇ ಬಿಟ್ಟ ಪ್ರಶ್ನೆ ಒಂದಿದೆ. ಮೊದಲ ಭಾಷೆ ಯಾವುದು ಅನ್ನೋದು ಆಮೇಲಿನ ಮಾತು. ಭಾಷೆ ಅನ್ನೋದು ಮನುಷ್ಯನಿಗೆ ಬಂದದ್ದಾದರೂ ಹೇಗೆ? ಮೊದಲ ಮಾತು ಆಡಿದವರು ಯಾರು, ಯಾಕೆ ಆಡಿದರು?

ನನಗೆ ಇದರಲ್ಲಿ ಸ್ವಲ್ಪ ಸ್ವಂತ ಆಸಕ್ತಿಯೂ ಇದೆ. ನಮ್ಮೂರು ಇಜೇರಿ, ಕಲಬುರಗಿ ಜಿಲ್ಲೆಯ ಜೇವರ್ಗಿ ಸೀಮೆ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದ ಹೊಸತರಲ್ಲಿ "ಏನ್ ಮಾಡ್ಲತ್ತೀರಿ?" ಅಂದ್ರೆ "ಇದ್ಯಾವ ಕನ್ನಡ ಮಾರಾಯಾ" ಅಂತ ನಗೋರು. ಅದಕ್ಕೇ ಭಾಷೆಯ ವಿಷಯದಲ್ಲಿ ಯಾರಾದರೂ 'ಮೂಲ', 'ಶುದ್ಧ', 'ಮೊದಲು' ಅಂದ ಕೂಡಲೆ ನನ್ನ ಕಿವಿ ನೆಟ್ಟಗಾಗುತ್ತೆ. ಈ ಮೂರು ಪದಗಳ ಹಿಂದೆ ಎಲ್ಲೋ ಒಬ್ಬರು ಮೇಲೆ, ಇನ್ನೊಬ್ಬರು ಕೆಳಗೆ ಅನ್ನೋ ಲೆಕ್ಕ ಇದ್ದೇ ಇರುತ್ತೆ. ಹಾಗಾಗಿ ಬಿಡುವಾದಾಗಲೆಲ್ಲ ಇದರ ಬಗ್ಗೆ ಓದ್ತಾ ಬಂದೆ. ಓದಿದ್ದರಲ್ಲಿ ಸಿಕ್ಕಿದ್ದನ್ನ ಇಲ್ಲಿ ಹಂಚಿಕೊಳ್ತಿದೀನಿ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

*

ಮೊದಲು, ಭಾಷೆಯ ದಾರಿ ಹಿಡಿದು ನಾವು ಎಷ್ಟು ಹಿಂದಕ್ಕೆ ಹೋಗಬಹುದು ಅಂತ ನೋಡೋಣ. ನಮ್ಮ ಸೀಮೆಯಿಂದಲೇ ಶುರು ಮಾಡ್ತೀನಿ.

ನಮ್ಮ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡವೇ ಆ ಕಾಲದ ಮಾನ್ಯಖೇಟ. ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಸುಮಾರು 850ರಲ್ಲಿ ಹುಟ್ಟಿದ 'ಕವಿರಾಜಮಾರ್ಗ' ನಮಗೆ ಸಿಕ್ಕಿರೋ ಅತಿ ಹಳೆಯ ಕನ್ನಡ ಗ್ರಂಥ. ಊರೂರಿಗೂ ಕನ್ನಡ ಬೇರೆ ಬೇರೆ ಇದೆ ಅನ್ನೋದನ್ನ ಆ ಪುಸ್ತಕವೇ ಒಪ್ಪಿಕೊಳ್ಳುತ್ತೆ ಅನ್ನೋದು ನನ್ನಂಥವರಿಗೆ ಸಮಾಧಾನದ ವಿಷಯ. ಇನ್ನೂ ಹಿಂದೆ ಹೋದರೆ ಹಾಸನ ಜಿಲ್ಲೆಯ ಹಲ್ಮಿಡಿ ಶಾಸನ, ಸುಮಾರು 450ರದ್ದು. ಅದಕ್ಕೂ ಹಿಂದೆ, ಭೀಮಾ ದಂಡೆಯ ಸನ್ನತಿಯಲ್ಲಿ ಸಿಕ್ಕ ಅಶೋಕನ ಶಾಸನಗಳು, ಕ್ರಿಸ್ತಪೂರ್ವ 3ನೇ ಶತಮಾನದವು. ಅವು ಬ್ರಾಹ್ಮಿ ಲಿಪಿಯಲ್ಲಿವೆ, ಭಾಷೆ ಪ್ರಾಕೃತ. ಅಲ್ಲಿಗೆ ನಮ್ಮ ಕಡೆ ಓದೋಕೆ ಬರುವ ಬರವಣಿಗೆ ಮುಗೀತು.

ಬರವಣಿಗೆ ಇಲ್ಲದ ಕಾಲಕ್ಕೆ ಹೋಗೋಕೆ ಭಾಷಾಶಾಸ್ತ್ರಜ್ಞರು ಇನ್ನೊಂದು ದಾರಿ ಮಾಡಿಕೊಂಡಿದಾರೆ. ಅಕ್ಕತಂಗಿ ಭಾಷೆಗಳನ್ನ ಪಕ್ಕಪಕ್ಕ ಇಟ್ಟು ಹೋಲಿಸೋದು. ತಮಿಳಿನ 'ಪಾಲ್' ನಮ್ಮಲ್ಲಿ 'ಹಾಲು', 'ಪತ್ತು' ನಮ್ಮಲ್ಲಿ 'ಹತ್ತು'. ಇಲ್ಲಿ ಹಳೆಯ 'ಪ'ಕಾರ ಉಳಿಸಿಕೊಂಡಿದ್ದು ತಮಿಳು, ಬದಲಾಯಿಸಿದ್ದು ನಾವು. ಆದರೆ ನಮ್ಮ 'ಕಿವಿ' ತಮಿಳಿನಲ್ಲಿ 'ಚೆವಿ'. ಇಲ್ಲಿ ಹಳೆಯ 'ಕ'ಕಾರ ಉಳಿಸಿಕೊಂಡಿದ್ದು ಕನ್ನಡ, ಬದಲಾಯಿಸಿದ್ದು ತಮಿಳು. ತಾಯಿ ಕಳೆದುಕೊಂಡ ಒಡವೆ ಮಗಳ ಹತ್ತಿರ ಹೇಗಿರುತ್ತೆ ಹೇಳಿ? ಹಾಗಾಗಿ ಇವೆರಡೂ ತಾಯಿ-ಮಗಳಲ್ಲ, ಒಂದೇ ಮನೆಯ ಅಕ್ಕತಂಗಿಯರು. ಆ ತಾಯಿಮನೆಗೆ 'ಮೂಲದ್ರಾವಿಡ' ಅಂತ ಹೆಸರಿಟ್ಟಿದಾರೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ 20 ದ್ರಾವಿಡ ಭಾಷೆಗಳ ಪದಗಳನ್ನ ಕಂಪ್ಯೂಟರಿನಲ್ಲಿ ಹೋಲಿಸಿ, ಈ ಮನೆ ಒಡೆಯೋಕೆ ಶುರುವಾಗಿದ್ದು ಸುಮಾರು 4,500 ವರ್ಷಗಳ ಹಿಂದೆ ಅಂತ ಅಂದಾಜು ಮಾಡಿತು.

ಇದೇ ಲೆಕ್ಕ ಹಿಡಿದು ಇನ್ನೂ ಹಿಂದೆ ಹೋಗ್ತಾ ಇರಬಹುದಲ್ಲ ಅನ್ನಿಸುತ್ತೆ. ಆದರೆ ಆಗೋದಿಲ್ಲ. ಪದಗಳು ಸವೆಯುತ್ತವೆ, ಬೇರೆ ಮನೆಯಿಂದ ಸಾಲ ಬರುತ್ತವೆ. ಎಂಟು ಹತ್ತು ಸಾವಿರ ವರ್ಷ ದಾಟಿದರೆ ನಿಜವಾದ ಹೋಲಿಕೆ ಯಾವುದು, ಕಾಕತಾಳೀಯ ಯಾವುದು ಅಂತ ಬೇರ್ಪಡಿಸೋಕೆ ಆಗಲ್ಲ ಅಂತ ಹೆಚ್ಚಿನ ವಿದ್ವಾಂಸರು ಹೇಳ್ತಾರೆ. ನಮ್ಮ ಜಾತಿಯ ಮನುಷ್ಯನಿಗಾದರೋ ಸುಮಾರು 3 ಲಕ್ಷ ವರ್ಷ ವಯಸ್ಸು. ಅಂದರೆ, "ಜಗತ್ತಿನ ಮೊದಲ ಭಾಷೆ ನಮ್ಮದು" ಅನ್ನೋರು ಹತ್ತು ಸಾವಿರ ವರ್ಷಕ್ಕೂ ಸಾಲದ ಹಗ್ಗ ಹಿಡಿದುಕೊಂಡು ಲಕ್ಷಾಂತರ ವರ್ಷ ಆಳದ ಬಾವಿಗೆ ಕೊಡ ಇಳಿಸ್ತಿದಾರೆ. ನೀರು ಮುಟ್ಟೋದೇ ಇಲ್ಲ.

*

ಹಾಗಾದರೆ ಹಿಂದಿನವರು ಏನಂದಿದ್ದರು?

ನಮ್ಮ ದೇಶದಲ್ಲಿ ಈ ಚರ್ಚೆ ಬಹಳ ಹಳೆಯದು. ಮೀಮಾಂಸಕರ ಪ್ರಕಾರ ಶಬ್ದಕ್ಕೂ ಅರ್ಥಕ್ಕೂ ಇರೋ ಸಂಬಂಧ ಹುಟ್ಟಿನಿಂದಲೇ ಬಂದದ್ದು, ಅದನ್ನ ಯಾರೂ ಮಾಡಿದ್ದಲ್ಲ. ಮಾತು ನಿತ್ಯ ಅಂದ ಮೇಲೆ ಅದರ ಹುಟ್ಟಿನ ಪ್ರಶ್ನೆಯೇ ಏಳಲ್ಲ. ನೈಯಾಯಿಕರು ಒಪ್ಪಲಿಲ್ಲ. ಹಾಗೆ ಹುಟ್ಟಿನಿಂದಲೇ ಬಂದಿದ್ದರೆ ಒಂದೇ ವಸ್ತುವಿಗೆ ಬೇರೆ ಬೇರೆ ಜನರಲ್ಲಿ ಬೇರೆ ಬೇರೆ ಹೆಸರು ಯಾಕೆ? ಈ ಪದಕ್ಕೆ ಈ ಅರ್ಥ ಅನ್ನೋದು ಒಂದು ಸಂಕೇತ, ಒಂದು ಒಪ್ಪಂದ, ಅಂತ ಅವರ ವಾದ.

ಇದಕ್ಕಿಂತ ನನಗೆ ಇಷ್ಟವಾದದ್ದು ಯಾಸ್ಕನ 'ನಿರುಕ್ತ'ದಲ್ಲಿರೋ ಕಾಗೆಯ ಜಗಳ. ಕ್ರಿಸ್ತನಿಗಿಂತ ಎಷ್ಟೋ ಶತಮಾನ ಮುಂಚಿನ ಗ್ರಂಥ ಅದು. ಸಂಸ್ಕೃತದ 'ಕಾಕ' ಅನ್ನೋ ಹೆಸರು ಆ ಹಕ್ಕಿಯ ಕೂಗಿನ ಅನುಕರಣೆ, ಹಕ್ಕಿಗಳ ಹೆಸರುಗಳಲ್ಲಿ ಇದು ಸಾಮಾನ್ಯ ಅಂತಾನೆ ಯಾಸ್ಕ. ಔಪಮನ್ಯವ ಅನ್ನೋ ಇನ್ನೊಬ್ಬ ಪಂಡಿತ ಇದನ್ನ ಒಪ್ಪೋದಿಲ್ಲ ಅಂತಲೂ ಅಲ್ಲೇ ದಾಖಲಿಸ್ತಾನೆ. ಯುರೋಪಿನಲ್ಲಿ 19ನೇ ಶತಮಾನದಲ್ಲಿ ನಡೆದ ದೊಡ್ಡ ಜಗಳದ ಒಂದು ಪ್ರತಿ ಎರಡು ಸಾವಿರ ವರ್ಷ ಮುಂಚೆಯೇ ನಮ್ಮಲ್ಲಿ ಒಂದು ಕಾಗೆಯ ಮೇಲೆ ಮುಗಿದುಹೋಗಿತ್ತು!

ಕನ್ನಡದವರೂ ಹಿಂದೆ ಬಿದ್ದಿಲ್ಲ. ಸುಮಾರು 1260ರ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ವ್ಯಾಕರಣ ಶುರು ಮಾಡೋದೇ ಶಬ್ದ ಹೇಗೆ ಹುಟ್ಟುತ್ತೆ ಅನ್ನೋದರಿಂದ. ಜೀವನ ಇಚ್ಛೆಯಿಂದ, ಅನುಕೂಲವಾದ ಗಾಳಿಯಿಂದ, ಹೊಕ್ಕುಳ ಬುಡದಲ್ಲಿ ಕಹಳೆಯ ಆಕಾರದಲ್ಲಿ ಶಬ್ದ ಅನ್ನೋ ದ್ರವ್ಯ ಹುಟ್ಟುತ್ತೆ, ಅದರ ಬಣ್ಣ ಬಿಳಿ ಅಂತ ಅವನ ವಿವರಣೆ. ಶಬ್ದವೂ ಒಂದು ವಸ್ತು ಅನ್ನೋ ಜೈನರ ತಿಳಿವಳಿಕೆ ಅದು. ಬಿಳಿ ಬಣ್ಣದ ಮಾತು ಬಿಡಿ, ಇಚ್ಛೆ ಇಲ್ಲದೆ ಬರೀ ಗಾಳಿಯಿಂದ ಮಾತು ಆಗೋದಿಲ್ಲ ಅನ್ನೋದನ್ನ ಅವನು ಮೊದಲನೇ ಹೆಜ್ಜೆಯಲ್ಲೇ ಹೇಳಿಬಿಟ್ಟ.

ಆದರೆ ಇವರೆಲ್ಲರ ಕಣ್ಣು ಇರೋದು ಪದದ ಮೇಲೆ, ಇಲ್ಲಾ ಪದ ಹೊರಡಿಸುವ ಒಬ್ಬನ ಮೇಲೆ. ಎದುರಿಗೆ ನಿಂತು ಕೇಳಿಸಿಕೊಳ್ಳುವವನನ್ನ ಯಾರೂ ಹೆಚ್ಚು ಗಮನಿಸಿಲ್ಲ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

*

ಪಂಡಿತರು ವಾದ ಮಾಡಿದರೆ ರಾಜರು ಪ್ರಯೋಗವನ್ನೇ ಮಾಡಿದರು.

ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಒಂದು ಕಥೆ ಹೇಳ್ತಾನೆ. ಈಜಿಪ್ಟಿನ ರಾಜ ಸಾಮೆಟಿಕಸ್ ಎರಡು ಹಸುಗೂಸುಗಳನ್ನ ಒಬ್ಬ ಕುರುಬನಿಗೆ ಕೊಟ್ಟು, ಇವುಗಳ ಮುಂದೆ ಒಂದು ಮಾತೂ ಆಡಬಾರದು ಅಂದನಂತೆ. ಎರಡು ವರ್ಷದ ನಂತರ ಮಕ್ಕಳು "ಬೆಕೋಸ್" ಅಂದವಂತೆ. ಅದು ಫ್ರಿಜಿಯನ್ ಭಾಷೆಯಲ್ಲಿ ರೊಟ್ಟಿ. ಹಾಗಾಗಿ ಫ್ರಿಜಿಯನ್ನರೇ ನಮಗಿಂತ ಹಳಬರು ಅಂತ ಈಜಿಪ್ಟಿನವರು ಒಪ್ಪಿಕೊಂಡರಂತೆ. ಆ ಮಕ್ಕಳ ಹತ್ತಿರ ಬರ್ತಿದ್ದದ್ದು ಹಾಲು ಕುಡಿಸೋ ಆಡುಗಳು. ಆಡು ಏನಂತ ಕೂಗುತ್ತೆ ಅಂತ ನಿಮಗೆ ಗೊತ್ತೇ ಇದೆ :-)

ಅದು ಕಥೆ ಇರಬಹುದು. ಆದರೆ ಅಕ್ಬರನ ಪ್ರಯೋಗ ಅವನ ಕಾಲದವರೇ ಬರೆದಿಟ್ಟದ್ದು. ಮಾತು ಬರೋದು ಕಿವಿಯಿಂದ, ಕೇಳಿಸಿಕೊಳ್ಳದವನು ಮಾತಾಡಲಾರ ಅಂತ ಅಕ್ಬರನ ವಾದ. ಅದನ್ನ ಸಾಧಿಸೋಕೆ ಫತೇಪುರ್ ಸಿಕ್ರಿಯ ಹತ್ತಿರ ಒಂದು ಮನೆ ಕಟ್ಟಿಸಿ, ಹಸುಗೂಸುಗಳನ್ನ ಅಲ್ಲಿಟ್ಟು, ನೋಡಿಕೊಳ್ಳೋ ದಾದಿಯರು ಬಾಯಿ ಬಿಡಬಾರದು ಅಂತ ಅಪ್ಪಣೆ ಮಾಡಿದ. ಜನ ಅದನ್ನ 'ಗುಂಗ್ ಮಹಲ್' ಅಂದರು, ಮೂಕರ ಮನೆ. ಸುಮಾರು ಇಪ್ಪತ್ತು ಕೂಸುಗಳಿದ್ದವು ಅಂತ ಬದಾಯೂನಿ ಬರೀತಾನೆ. 1582ರಲ್ಲಿ ಅಕ್ಬರ್ ಅಲ್ಲಿಗೆ ಹೋದಾಗ ಒಂದು ಮಗುವಿನ ಬಾಯಿಂದಲೂ ಮಾತು ಬರಲಿಲ್ಲ ಅಂತ ಅಬುಲ್ ಫಜಲ್ 'ಅಕ್ಬರ್‌ನಾಮಾ'ದಲ್ಲಿ ಹೇಳ್ತಾನೆ. ಕೂಸುಗಳಲ್ಲಿ ಕೆಲವು ಮಣ್ಣು ಸೇರಿದವು ಅಂತ ಬದಾಯೂನಿ.

ಬಾದಶಹನ ವಾದ ಗೆದ್ದಿತು. ಆ ಮಕ್ಕಳ ಗತಿ ಏನಾಯ್ತು? ಹಾಲು ಸಿಕ್ಕಿತು, ಬಟ್ಟೆ ಸಿಕ್ಕಿತು, ಮಾತಾಡಿಸೋರು ಸಿಗಲಿಲ್ಲ. ಮೊದಲ ಮಾತು ಹುಡುಕೋ ಹುಚ್ಚಿನಲ್ಲಿ ಮಕ್ಕಳ ಮಾತನ್ನೇ ಕಿತ್ತುಕೊಂಡ ಈ ಪ್ರಸಂಗ ಓದಿದಾಗಲೆಲ್ಲ ಹೊಟ್ಟೆ ತೊಳಸಿದಂತಾಗುತ್ತೆ.

*

ಯುರೋಪಿನಲ್ಲಿ ಈ ಪ್ರಶ್ನೆಗೆ ಬಹುಮಾನವನ್ನೇ ಇಟ್ಟರು. 1769ರಲ್ಲಿ ಬರ್ಲಿನ್ ಅಕಾಡೆಮಿ ಸ್ಪರ್ಧೆ ಸಾರಿತು. ಗೆದ್ದ ಹರ್ಡರ್‌ನ ಪ್ರಬಂಧ 1772ರಲ್ಲಿ ಅಚ್ಚಾಯ್ತು. ಭಾಷೆ ದೇವರು ಕೊಟ್ಟದ್ದಲ್ಲ, ಮನುಷ್ಯನ ಬುದ್ಧಿಯಿಂದ ಬಂದದ್ದು ಅಂತ ಅವನ ನಿಲುವು. ಕುರಿ 'ಬ್ಯಾ' ಅನ್ನುತ್ತೆ, ಮನುಷ್ಯ ಆ ದನಿಯನ್ನ ಗುರುತಾಗಿ ಇಟ್ಟುಕೊಳ್ತಾನೆ, ಅದೇ ಅದರ ಹೆಸರು. ಕಾಡಿನಲ್ಲಿ ಒಂಟಿಯಾಗಿರೋ ಮನುಷ್ಯನೂ ತನಗೋಸ್ಕರ ಭಾಷೆ ಕಟ್ಟಿಕೊಳ್ತಿದ್ದ ಅಂತ ಕೂಡ ಹೇಳಿದ. ಇಲ್ಲಿ ನನಗೆ ಅನುಮಾನ. ನಮ್ಮ ಕಸುಬಿನ ಭಾಷೆಯಲ್ಲಿ ಕೇಳೋದಾದರೆ, ನೆಟ್‌ವರ್ಕಿನಲ್ಲಿ ಇರೋದೇ ಒಂದು ಕಂಪ್ಯೂಟರ್ ಅಂದಮೇಲೆ ಪ್ರೋಟೋಕಾಲ್ ಯಾರಿಗೆ ಬೇಕು?

ಆಮೇಲೆ ವಾದಗಳ ಸುಗ್ಗಿ. ಪ್ರಾಣಿ-ಪಕ್ಷಿಗಳ ದನಿಯ ಅನುಕರಣೆಯಿಂದ ಭಾಷೆ ಬಂತು ಅನ್ನೋದು ಅನುಕರಣವಾದ. ನೋವು, ಹೆದರಿಕೆ, ಖುಷಿಗಳಲ್ಲಿ ತಾನಾಗಿ ಬರೋ 'ಅಯ್ಯೋ', 'ಅಬ್ಬಾ'ಗಳಿಂದ ಬಂತು ಅನ್ನೋದು ಉದ್ಗಾರವಾದ. 1861ರಲ್ಲಿ ಲಂಡನ್ನಿನಲ್ಲಿ ಉಪನ್ಯಾಸ ಕೊಟ್ಟ ಮ್ಯಾಕ್ಸ್ ಮುಲ್ಲರ್ ಇವಕ್ಕೆ 'ಬೌ ವೌ', 'ಪೂ ಪೂ' ಅಂತ ಗೇಲಿ ಹೆಸರಿಟ್ಟ. ಗಂಟೆ ಬಡಿದರೆ ನಾದ ಬರೋ ಹಾಗೆ ವಸ್ತು ಮನಸ್ಸಿಗೆ ತಾಗಿದಾಗ ಶಬ್ದ ಹೊಮ್ಮಿತು ಅಂತ ಅವನು ಹೇಳಿದ್ದಕ್ಕೆ ಉಳಿದವರು 'ಡಿಂಗ್ ಡಾಂಗ್' ಅಂತ ಹೆಸರಿಟ್ಟು ಸೇಡು ತೀರಿಸಿಕೊಂಡರು. ಲುಡ್ವಿಗ್ ನ್ವಾರೇ ಅನ್ನೋ ಜರ್ಮನ್ ವಿದ್ವಾಂಸ, ಹಲವರು ಕೂಡಿ ಭಾರ ಎತ್ತುವಾಗ, ಎಳೆಯುವಾಗ ಹೊರಡೋ ದನಿಯಿಂದ ಭಾಷೆ ಬಂತು ಅಂದ. ನಮ್ಮ 'ಐಸಾ' ನೆನಪು ಮಾಡಿಕೊಳ್ಳಿ. ಡಾರ್ವಿನ್ 1871ರಲ್ಲಿ, ಮಾತಿಗಿಂತ ಮುಂಚೆ ಹಕ್ಕಿಗಳ ಹಾಡಿನಂಥ ಒಂದು ಹಾಡು ಇದ್ದಿರಬೇಕು ಅಂದ.

ಅನುಕರಣವಾದ ಕೇಳೋಕೆ ಬಹಳ ಸರಿ ಅನ್ನಿಸುತ್ತೆ, ಅದರಲ್ಲೂ ಕನ್ನಡದವರಿಗೆ. ನಮ್ಮಲ್ಲಿ ಮಳೆ ಪಟಪಟ ಬೀಳುತ್ತೆ, ಕಣ್ಣೀರು ಗಳಗಳ ಹರಿಯುತ್ತೆ, ಬಾಗಿಲು ದಬದಬ ಬಡಿಯುತ್ತೆ. ಆದರೆ ಇದೇ ಪದಗಳು ಆ ವಾದಕ್ಕೆ ಕಂಟಕ. ನಕ್ಷತ್ರ 'ಮಿಣಮಿಣ' ಅನ್ನುತ್ತಲ್ಲ, ಅದಕ್ಕೆ ದನಿ ಎಲ್ಲಿದೆ ಅನುಕರಿಸೋಕೆ? ಇಂಥ ಪದಗಳನ್ನ ಭಾರತದ ಭಾಷೆಗಳಲ್ಲೆಲ್ಲ ಹುಡುಕಿದ ಎಮಿನೋ 1969ರಲ್ಲಿ ಒಂದು ಲೇಖನ ಬರೆದರು. ಬೇರೆ ಬೇರೆ ಕುಟುಂಬದ ಭಾಷೆಗಳಾದರೂ ಅಕ್ಕಪಕ್ಕ ಬಾಳಿದ್ದರಿಂದ ಈ ಪದಗಳಲ್ಲಿ ಎಷ್ಟೋ ಹಂಚಿಕೊಂಡಿವೆ ಅಂತ ತೋರಿಸಿದರು. ಅಂದರೆ 'ಪಟಪಟ' ಅನ್ನೋದೂ ನೆರೆಹೊರೆಯಿಂದ ಕಲಿತದ್ದೇ, ನೇರ ಮಳೆಯಿಂದ ಅಲ್ಲ.

ಇಷ್ಟು ವಾದ, ಆದರೆ ಒಂದಕ್ಕೂ ಸಾಕ್ಷಿ ಇಲ್ಲ. ಕೊನೆಗೆ ಪ್ಯಾರಿಸ್ಸಿನ ಭಾಷಾಶಾಸ್ತ್ರ ಸಂಘ 1866ರ ತನ್ನ ನಿಯಮಾವಳಿಯ ಎರಡನೇ ಕಲಮಿನಲ್ಲೇ, ಭಾಷೆಯ ಹುಟ್ಟಿನ ಬಗ್ಗೆ ಯಾವ ಬರಹವನ್ನೂ ತಗೊಳ್ಳಲ್ಲ ಅಂತ ಬೋರ್ಡು ಹಾಕಿಬಿಟ್ಟಿತು. ನ್ವಾರೇ, ಡಾರ್ವಿನ್ ಬರೆದದ್ದು ಆ ಬೋರ್ಡು ಬಿದ್ದ ಮೇಲೆಯೇ. ಆದರೂ ಭಾಷಾಶಾಸ್ತ್ರಜ್ಞರಲ್ಲಿ ಬಹಳ ಮಂದಿ ಸುಮಾರು ನೂರು ವರ್ಷ ಈ ಪ್ರಶ್ನೆಯ ಗೋಜಿಗೆ ಹೋಗಲಿಲ್ಲ.

*

ಬೋರ್ಡು ಇಳಿದದ್ದು ಕಲ್ಲು, ಮೂಳೆ, ಜೀನು, ಮಿದುಳು ಅಂತ ಬೇರೆ ಕಡೆಯಿಂದ ಸಾಕ್ಷಿ ಬರೋಕೆ ಶುರುವಾದ ಮೇಲೆ. ಅದರಲ್ಲಿ ಕಲ್ಲಿನ ಸಾಕ್ಷಿ ನಮ್ಮ ಪಕ್ಕದಲ್ಲೇ ಇದೆ.

ಇಜೇರಿಯಿಂದ ದಕ್ಷಿಣಕ್ಕೆ ಶಹಾಪುರ, ಸುರಪುರ ದಾಟಿ ಹೋದರೆ ಯಾದಗಿರಿ ಜಿಲ್ಲೆಯ ಹುಣಸಗಿ. ಹುಣಸಗಿ-ಬೈಚಬಾಳ ಕಣಿವೆಗಳಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1970ರ ದಶಕದಿಂದ ದಶಕಗಟ್ಟಲೆ ಹುಡುಕಾಡಿ, ಹಳೆ ಶಿಲಾಯುಗದ ಸುಮಾರು 200 ನೆಲೆಗಳನ್ನ ಪತ್ತೆ ಮಾಡಿದರು. ಅದರಲ್ಲಿ ಹುಣಸಗಿ ಹತ್ತಿರದ ಇಸಾಂಪುರ ಬಹಳ ದೊಡ್ಡ ಹೆಸರು. 1990ರ ದಶಕದ ಕೊನೆಯಲ್ಲಿ ಅಲ್ಲಿ ಉತ್ಖನನ ನಡೆಯಿತು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲುಗಳನ್ನ ಪರೀಕ್ಷಿಸಿ 2001ರಲ್ಲಿ ಕೊಟ್ಟ ಅಂದಾಜು: ಸುಮಾರು 12 ಲಕ್ಷ ವರ್ಷ. ಆ ಅಳತೆಯಲ್ಲಿ ಹೆಚ್ಚುಕಮ್ಮಿ ಇರೋಕೆ ಸಾಧ್ಯ ಇದೆ. ಆದರೆ ಚೆನ್ನೈ ಹತ್ತಿರದ ಅತ್ತಿರಂಪಾಕ್ಕಂನಲ್ಲಿ ಇದೇ ಬಗೆಯ ಆಯುಧಗಳಿಗೆ 2011ರಲ್ಲಿ ಕನಿಷ್ಠ 10 ಲಕ್ಷ ವರ್ಷ ಅಂತ ಬೇರೆ ವಿಧಾನದಿಂದ ಗೊತ್ತಾಯ್ತು. ಎರಡೂ ಜಾಗದ ಆಯುಧಗಳು ನಮ್ಮ ಜಾತಿಯ ಮನುಷ್ಯ ಹುಟ್ಟೋಕೂ ಎಷ್ಟೋ ಲಕ್ಷ ವರ್ಷ ಮುಂಚಿನವು. ಕನ್ನಡವೂ ಇಲ್ಲ ತಮಿಳೂ ಇಲ್ಲ :-)

ಇಸಾಂಪುರ ಅಂದರೆ ಒಂದು ಕಲ್ಲುಗಣಿ ಮತ್ತು ಅದರ ಪಕ್ಕದ ವರ್ಕ್‌ಶಾಪ್ ಅಂದುಕೊಳ್ಳಿ. ಕಲ್ಲು ಯಾವುದು? ಭೀಮಾ ಶಿಲಾಸ್ತರದ ಸುಣ್ಣದಕಲ್ಲು. ನಮ್ಮ ಕಡೆ ಮನೆಗೆ ಹಾಸೋ ಪರಸಿ, ಶಹಾಬಾದ್ ಕಲ್ಲು ಅಂತೀರಲ್ಲ, ಅದೇ ಕುಟುಂಬದ್ದು. ಪದರ ಪದರವಾಗಿ ಹಲಗೆ ಥರ ಏಳುತ್ತೆ. ಆ ಜನ ಹಲಗೆಯ ದಪ್ಪ ನೋಡಿ ಕೆಲಸ ಬೇರೆ ಮಾಡ್ತಿದ್ದರು. ತೆಳ್ಳಗಿನ ಹಲಗೆ ಆದರೆ ಅಂಚುಗಳನ್ನ ಕೆತ್ತಿ ನೇರ ಕೈಗೊಡಲಿ ಮಾಡೋದು. ದಪ್ಪ ಹಲಗೆ ಆದರೆ ಗಟ್ಟಿ ಗುಂಡುಕಲ್ಲಿನಿಂದ ಹೊಡೆದು ದೊಡ್ಡ ಚಕ್ಕೆ ಎಬ್ಬಿಸಿ, ಆ ಚಕ್ಕೆಯಿಂದ ಅಗಲ ಬಾಯಿಯ ಸೀಳುಗೊಡಲಿ ಮಾಡೋದು. ಸುತ್ತಿಗೆಯಾಗಿ ಬಳಸಿದ ಗುಂಡುಕಲ್ಲುಗಳು, ಅರ್ಧಕ್ಕೆ ಬಿಟ್ಟ ಕಲ್ಲುಗಳು, ಹಾರಿಬಿದ್ದ ಚಕ್ಕೆಗಳು ಎಲ್ಲ ಅಲ್ಲೇ ಇವೆ. ಷಿಪ್ಟನ್, ಪೆಟ್ರಾಗ್ಲಿಯಾ ಮತ್ತು ಪದ್ದಯ್ಯ ಅದೇ ರೀತಿ ಕಲ್ಲು ಒಡೆದು ನೋಡೋ ಪ್ರಯೋಗಗಳ ಜೊತೆ ಹೋಲಿಸಿ 2009ರಲ್ಲಿ ಈ ಕ್ರಮಗಳನ್ನ ವಿವರಿಸಿದಾರೆ.

ಇದಕ್ಕೂ ಭಾಷೆಗೂ ಏನು ಸಂಬಂಧ ಅಂತೀರಾ? ಕೈಗೊಡಲಿ ಒಂದೇ ಏಟಿಗೆ ಆಗೋ ಕೆಲಸ ಅಲ್ಲ. ಈ ಏಟು ಆ ಏಟಿಗೆ ಜಾಗ ಮಾಡಿಕೊಡಬೇಕು, ಆ ಏಟು ಮುಂದಿನದಕ್ಕೆ. ದೊಡ್ಡ ಗುರಿಯೊಳಗೆ ಸಣ್ಣ ಗುರಿ, ಅದರೊಳಗೆ ಇನ್ನೂ ಸಣ್ಣದು. ವಾಕ್ಯದೊಳಗೆ ವಾಕ್ಯ ಕೂರಿಸೋ ಥರವೇ. ಡೀಟ್ರಿಕ್ ಸ್ಟೌಟ್ ಮತ್ತು ಸಂಗಡಿಗರು, ಇಂಥ ಆಯುಧ ಮಾಡೋದರಲ್ಲಿ ಪಳಗಿದವರ ಮಿದುಳನ್ನ ಸ್ಕ್ಯಾನ್ ಮಾಡಿ 2008ರಲ್ಲಿ ಹೇಳಿದ್ದು, ಮಾತಿಗೆ ಸಂಬಂಧಪಟ್ಟ ಬ್ರೋಕಾ ಭಾಗಕ್ಕೆ ಬಲಗಡೆ ಜೋಡಿಯಾಗಿರೋ ಜಾಗ ಆಗ ಚುರುಕಾಗುತ್ತೆ ಅಂತ. 2015ರಲ್ಲಿ ಇನ್ನೊಂದು ತಂಡ 184 ಜನರಿಗೆ ಕಲ್ಲಿನ ಚಕ್ಕೆ ಎಬ್ಬಿಸೋದನ್ನ ಐದು ಬಗೆಯಲ್ಲಿ ಕಲಿಸಿ ನೋಡಿತು. ಬರೀ ನೋಡಿ ಕಲಿತವರಿಗೆ ಹೆಚ್ಚು ಲಾಭ ಆಗಲಿಲ್ಲ. ಒಬ್ಬರು ಎದುರು ಕೂತು ಕಲಿಸಿದಾಗ ಕೆಲಸ ಸುಧಾರಿಸಿತು, ಮಾತಾಡಿ ಕಲಿಸಿದಾಗ ಇನ್ನೂ ಸುಧಾರಿಸಿತು.

ಹಾಗಂತ ಇಸಾಂಪುರದವರು ಮಾತಾಡ್ತಿದ್ದರು ಅಂತ ತೀರ್ಪು ಕೊಡೋ ಹಾಗಿಲ್ಲ. ಶೆಲ್ಬಿ ಪಟ್ ಅವರ ತಂಡ 2017ರಲ್ಲಿ ಮಾತಿಲ್ಲದೆ ಕಲಿತವರ ಮಿದುಳು ನೋಡಿದಾಗ ಕೆಲಸ ಮಾಡಿದ್ದು ಭಾಷೆಯ ಭಾಗಕ್ಕಿಂತ ಹೆಚ್ಚಾಗಿ ಕಣ್ಣು, ಕಿವಿ, ಕೈ, ನೆನಪುಗಳನ್ನ ಹೊಂದಿಸೋ ಭಾಗಗಳು. ಪಿಯಾನೋ ನುಡಿಸುವವರಲ್ಲಿ ಕಾಣೋ ಜಾಲದ ಹಾಗೆ ಅಂತ ಅವರು ಬರೆದರು. ಜೀನಿನ ಕಥೆಯೂ ಹೀಗೆಯೇ. 2001ರಲ್ಲಿ ಫಾಕ್ಸ್‌ಪಿ2 ಅನ್ನೋ ಜೀನು ಸಿಕ್ಕಾಗ ಪತ್ರಿಕೆಗಳು "ಭಾಷೆಯ ಜೀನು" ಅಂದವು. 2007ರಲ್ಲಿ ಅದೇ ರೂಪ ನಿಯಾಂಡರ್ತಲ್ ಮನುಷ್ಯನಲ್ಲೂ ಇದೆ ಅಂತ ಗೊತ್ತಾಯ್ತು. ಒಂದು ಸ್ವಿಚ್ ಒತ್ತಿದ ಹಾಗೆ ಭಾಷೆ ಬಂತು ಅನ್ನೋದಕ್ಕೆ ಆಧಾರ ಸಿಕ್ಕಿಲ್ಲ.

ಆದರೆ ಕಲ್ಲು ಒಂದು ಮಾತನ್ನ ಖಂಡಿತ ಹೇಳುತ್ತೆ. ಇಷ್ಟು ಹೆಜ್ಜೆಗಳ ಕೆಲಸವನ್ನ ಪ್ರತಿಯೊಬ್ಬರೂ ಹುಟ್ಟಿ ಹೊಸದಾಗಿ ಕಂಡುಹಿಡಿಯೋಕೆ ಆಗಲ್ಲ. ಅಲ್ಲಿ ಒಬ್ಬ ಕಲ್ಲು ಕೆತ್ತುತ್ತಿದ್ದ, ಇನ್ನೊಬ್ಬ ಪಕ್ಕದಲ್ಲಿ ಕೂತು ಗಮನಿಸ್ತಿದ್ದ. ತಾಯಿಯೋ ಮಗಳೋ, ಅಣ್ಣನೋ ತಮ್ಮನೋ. ನಾನು ನೋಡ್ತಿರೋದನ್ನೇ ನೀನೂ ನೋಡು ಅನ್ನೋ ಒಂದು ಹೊಂದಾಣಿಕೆ ಅಲ್ಲಿತ್ತು. ಪದ ಬಂದದ್ದು ಯಾವಾಗಲೋ, ಪದ ಕೂರೋಕೆ ಬೇಕಾದ ಜಾಗ ಭೀಮೆ-ಕೃಷ್ಣೆಯರ ನಡುವಿನ ಈ ಕಣಿವೆಯಲ್ಲಿ ಆಗಲೇ ತಯಾರಾಗ್ತಿತ್ತು.

*

"ಇದೆಲ್ಲ ಊಹೆ. ಭಾಷೆ ಹುಟ್ಟೋದನ್ನ ಕಣ್ಣಾರೆ ಕಂಡವರು ಯಾರು?" ಅಂತ ನೀವು ಕೇಳಬಹುದು. ಕಂಡವರಿದಾರೆ.

1977ರಲ್ಲಿ ಮಧ್ಯ ಅಮೆರಿಕದ ನಿಕರಾಗುವಾ ದೇಶದ ರಾಜಧಾನಿ ಮನಾಗುವಾದಲ್ಲಿ ಕಿವುಡ ಮಕ್ಕಳಿಗೆ ಒಂದು ಶಾಲೆ ಶುರುವಾಯ್ತು. ಮಾಸ್ತರರು ಕಲಿಸೋಕೆ ಹೊರಟಿದ್ದು ಸ್ಪ್ಯಾನಿಷ್, ತುಟಿ ನೋಡಿ ಓದೋದು. ಅದು ಅಷ್ಟಾಗಿ ಹತ್ತಲಿಲ್ಲ. ಆದರೆ ಆಟದ ಬಯಲಿನಲ್ಲಿ, ಬಸ್ಸಿನಲ್ಲಿ ಮಕ್ಕಳು ತಂತಮ್ಮ ಮನೆಯ ಸನ್ನೆಗಳನ್ನ ಬೆರೆಸಿ ಮಾತಾಡತೊಡಗಿದರು. ಆಮೇಲೆ ಸೇರಿದ ಚಿಕ್ಕ ಮಕ್ಕಳು ಅದನ್ನ ಎತ್ತಿಕೊಂಡು ಅದಕ್ಕೆ ವ್ಯಾಕರಣವನ್ನೇ ಕಟ್ಟಿದರು. ಜಗತ್ತಿನಲ್ಲಿ ಎಲ್ಲೂ ಇಲ್ಲದ ಒಂದು ಹೊಸ ಭಾಷೆ. ಯಾವ ದೇವರೂ ಪಂಡಿತನೂ ಕೊಟ್ಟದ್ದಲ್ಲ.

ಇದು ಎಲ್ಲ ಪುಸ್ತಕದಲ್ಲೂ ಬರೋ ಉದಾಹರಣೆ. ನಮ್ಮ ರಾಜ್ಯದ್ದು ಎಷ್ಟು ಜನಕ್ಕೆ ಗೊತ್ತು? ಚಿಕ್ಕಬಳ್ಳಾಪುರ ಜಿಲ್ಲೆ ಗೌರಿಬಿದನೂರು ತಾಲೂಕಿನ ಅಲೀಪುರದಲ್ಲಿ ಕಿವುಡುತನ ವಂಶಪಾರಂಪರ್ಯವಾಗಿ ಬಂದಿದೆ. ಹಾಗಾಗಿ ಊರಲ್ಲೇ ಒಂದು ಸನ್ನೆಭಾಷೆ ಬೆಳೀತು. ಭಾಷಾಶಾಸ್ತ್ರದಲ್ಲಿ ಅದರ ಹೆಸರು 'ಅಲೀಪುರ ಸನ್ನೆಭಾಷೆ'. ಸಿಬಾಜಿ ಪಾಂಡಾ 2012ರಲ್ಲಿ ಅದರ ಬಗ್ಗೆ ಬರೆದಾಗ ಸುಮಾರು 150 ಮಂದಿ ಕಿವುಡರು ಅದನ್ನ ಬಳಸ್ತಿದ್ದರು. ಅವರಷ್ಟೇ ಅಲ್ಲ, ಕಿವಿ ಕೇಳೋ ಊರವರಲ್ಲೂ ಬಹಳ ಜನಕ್ಕೆ ಅದು ಬರುತ್ತೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದು. ಕಿವುಡರಿಗೆ ಮಾತು ಬೇಕಿತ್ತು ಸರಿ, ಕೇಳುವವರು ಯಾಕೆ ಕಲಿತರು? ತಮ್ಮ ಮನೆಯ, ಓಣಿಯ ಜನರ ಜೊತೆ ಮಾತಾಡಬೇಕಿತ್ತು, ಅಷ್ಟೇ.

ಈಗ ಗುಂಗ್ ಮಹಲ್ ಪಕ್ಕದಲ್ಲಿ ಅಲೀಪುರ ಇಟ್ಟು ನೋಡಿ. ಅಲ್ಲಿ ಮಕ್ಕಳಿಗೆ ಕಿವಿಯಿತ್ತು, ಗಂಟಲಿತ್ತು, ಮಾತು ಬರಲಿಲ್ಲ. ಇಲ್ಲಿ ಕಿವಿ ಇಲ್ಲ, ಭಾಷೆ ಬಂತು. ಕಿವಿಯಿಲ್ಲದೆ ಮಾತಿಲ್ಲ ಅನ್ನೋ ಬಾದಶಹನ ವಾದ ಗೌರಿಬಿದನೂರು ತಾಲೂಕಿನ ಒಂದು ಹಳ್ಳಿಯಲ್ಲಿ ಸೋತುಹೋಯ್ತು. ವ್ಯತ್ಯಾಸ ಇದ್ದದ್ದು ದೇಹದಲ್ಲಿ ಅಲ್ಲ. ಅರ್ಥ ಮಾಡಿಕೊಳ್ಳಬೇಕು ಅಂತ ಎದುರಿಗೆ ಒಬ್ಬರು ಇದ್ದರೋ ಇಲ್ಲವೋ ಅನ್ನೋದರಲ್ಲಿ.

ನನ್ನ ಮಟ್ಟಿಗೆ ಉತ್ತರ ಇಲ್ಲಿದೆ. ಕೂಗಿನಿಂದಲೋ, ಹಾಡಿನಿಂದಲೋ, ಸನ್ನೆಯಿಂದಲೋ, ಕಲ್ಲು ಕೆಲಸದಿಂದಲೋ, ಶುರು ಯಾವುದರಿಂದ ಆಯ್ತು ಅನ್ನೋ ಜಗಳ ಮುಂದುವರೀಲಿ. ಒಬ್ಬನಿಂದ ಮಾತ್ರ ಆಗಿಲ್ಲ. ಮೊದಲ ಮಾತು ಆಡಿದವನದಲ್ಲ, ಅದು ಮಾತು ಅಂತ ಹಿಡಿದುಕೊಂಡ ಎರಡನೆಯವನದು. ಎರಡನೆಯವನು ಇಲ್ಲದಿದ್ದರೆ ಅದು ಬರೀ ಸದ್ದು. ಹಾಗಾಗಿ 'ಮೊದಲ ಭಾಷೆ' ಅನ್ನೋ ಪಟ್ಟಕ್ಕೆ ಯಾವ ರಾಜ್ಯವೂ ಅರ್ಜಿ ಹಾಕೋ ಹಾಗಿಲ್ಲ. ಎಷ್ಟು ಹಿಂದೆ ಹೋದರೂ ಅಲ್ಲಿ ಸಿಗೋದು ಇಬ್ಬರು, ಮತ್ತವರ ನಡುವಿನ ಒಪ್ಪಂದ. ನಮ್ಮ ನೈಯಾಯಿಕರು ಹೇಳಿದ ಹಾಗೆ. ಆ ಲೆಕ್ಕದಲ್ಲಿ ಇಜೇರಿಯ ಕನ್ನಡ, ಮೈಸೂರಿನ ಕನ್ನಡ, ಅಲೀಪುರದ ಕೈ ಭಾಷೆ, ಎಲ್ಲಕ್ಕೂ ಒಂದೇ ಕುಲ.

ಕೊನೆಗೆ ಒಂದು ವಿಷಯ. ಅಲೀಪುರದ ಕಿವುಡ ಮಕ್ಕಳು ಓದೋಕೆ, ಕೆಲಸಕ್ಕೆ ಹೊರಗೆ ಹೋದಂತೆ ಭಾರತೀಯ ಸನ್ನೆಭಾಷೆ ಕಲೀತಾರೆ. ಅದು ಅವರಿಗೆ ಬೇಕೂ ಬೇಕು, ತಪ್ಪೇನಿಲ್ಲ. ಆದರೆ ಅದರ ಒತ್ತಡಕ್ಕೆ ಊರಿನ ಸನ್ನೆಭಾಷೆ ಸೊರಗ್ತಾ ಇದೆ ಅಂತ ಅಧ್ಯಯನ ಮಾಡಿದವರು ಎಚ್ಚರಿಸಿದಾರೆ. ಯಾವ ಭಾಷೆ ಮೊದಲು ಅಂತ ನಾವು ಕೋರ್ಟಿನವರೆಗೂ ಹೋದೆವು. ನಮ್ಮ ನೆಲದಲ್ಲೇ, ನಮ್ಮ ಕಾಲಕ್ಕೆ ಇಷ್ಟು ಹತ್ತಿರದಲ್ಲಿ ಹುಟ್ಟಿದ ಒಂದು ಭಾಷೆಯ ಹೆಸರೂ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅದನ್ನ ವಿಡಿಯೋ ಮಾಡಿಡೋದು, ಅದರ ಪದಕೋಶ ಮಾಡೋದು, ಅದಕ್ಕೊಂದು ವೆಬ್‌ಸೈಟ್ ಕಟ್ಟೋದು ನಮ್ಮಂಥ ಸಾಫ್ಟ್‌ವೇರ್‌ನವರಿಗೆ ಕಷ್ಟದ ಕೆಲಸವೇನಲ್ಲ. ಅಲ್ಲಿಯ ಜನ ಒಪ್ಪಿ, ಅವರೇ ಮುಂದೆ ನಿಂತರೆ ಹಿಂದೆ ನಿಂತು ಕೆಲಸ ಮಾಡೋಕೆ ನಾನು ತಯಾರು.

ನಿಮ್ಮಲ್ಲಿ ಯಾರಾದರೂ ಆ ಕಡೆಯವರಿದ್ದರೆ, ಇಲ್ಲಾ ಸನ್ನೆಭಾಷೆ ಬಲ್ಲವರಿದ್ದರೆ ದಯವಿಟ್ಟು ಬರೀರಿ. ಏನಂತೀರಿ?